ಗೋಡೆಯಾಚೆಯ ರೊಟ್ಟಿ ಸಪ್ಪಳ

ನೀಲಕ್ಕನ ಕೈ ಹೇಗಿದೆ ಎಂದು ನಾನು ಕೇಳಬೇಕಾಗಿಯೇ ಇರಲಿಲ್ಲ. ಬೆಟಗೇರಿಯಲ್ಲಿ ನಮ್ಮದೂ ಅವಳದೂ ಒಂದೇ ಗೋಡೆ. ಬೆಳಿಗ್ಗೆ ರೊಟ್ಟಿ ಬಡಿಯುವ ಸಪ್ಪಳ ಪಟಪಟ ಕೇಳಿದರೆ ಕೀಲುಗಳು ನೆಟ್ಟಗಿವೆ. ತಡೆದು ತಡೆದು ಬಂದರೆ ನೋವು. ಏನೂ ಕೇಳದಿದ್ದರೆ ಅಂದು ಅವಳ ಕೈಲಿ ಸೀರೆಯ ನೆರಿಗೆ ಹಿಡಿಯುವುದಕ್ಕೂ ಆಗಿಲ್ಲ.

ಗಂಡ ಹೋದ ಮೇಲೆ ಮನೆಯಲ್ಲೇ ಖಾನಾವಳಿ ಇಟ್ಟವಳು. ಮಾತು ಬಲು ಚುರುಕು. ಉಣ್ಣಲು ಬಂದವರು ಇನ್ನೊಂದು ರೊಟ್ಟಿ ಬೇಡವೆಂದರೆ, "ಯಾಕ್ರಿ, ಹೊಟ್ಟಿ ಬಾಡಿಗಿ ಕೊಟ್ಟೀರೇನು?" ಎನ್ನುತ್ತಿದ್ದಳು. ಸಂಧಿವಾತ ಆ ಮಾತನ್ನು ಮುಟ್ಟಲಿಲ್ಲ, ಬೆರಳುಗಳನ್ನು ಹಿಡಿಯಿತು. "ಬೆಳ್ಳುಳ್ಳಿ ಗಡ್ಡಿ ಆಗ್ಯಾವ ನೋಡ ತಂಗಿ" ಎಂದು ಬಾತ ಗಿಣ್ಣುಗಳನ್ನು ತೋರಿಸಿ ನಕ್ಕಳು. ನನಗೆ ನಗು ಬರಲಿಲ್ಲ.

ಗದಗಿನ ಡಾಕ್ಟರು ವಾರಕ್ಕೊಮ್ಮೆ ನುಂಗುವ ಗುಳಿಗೆ ಬರೆದು, ಅದರ ಗುಣ ಹತ್ತುವವರೆಗೆ ಇರಲಿ ಎಂದು ಸ್ಟೀರಾಯ್ಡ್ ಕೊಟ್ಟರು. ಸ್ವಲ್ಪ ದಿನಕ್ಕೇ ಗೋಡೆಯಾಚೆ ಪಟಪಟ ಶುರುವಾಯಿತು. ನೀಲಕ್ಕನ ಮುಖವೂ ದುಂಡಗಾಯಿತು.

"ಮೈ ಹಿಡದೀಯಲ್ಲ ನೀಲಕ್ಕ, ಏನ್ ಉಣ್ತಿ?" ಎಂದು ಓಣಿಯವರು ಕೇಳಿದರೆ, "ಗುಳಿಗಿ ಉಣ್ತೀನಿ" ಎನ್ನುವಳು. ಆ ಬಾವನ್ನು ಎಲ್ಲರೂ ಆರೋಗ್ಯವೆಂದುಕೊಂಡರು. ರಕ್ತದಲ್ಲಿ ಸಕ್ಕರೆ ಏರಿದ್ದರಿಂದ ಡಾಕ್ಟರು ಸ್ಟೀರಾಯ್ಡ್ ಇಳಿಸುತ್ತ ಬಂದು, ವಾರದ ಗುಳಿಗೆಯನ್ನು ಏರಿಸಿದರು. ಕೈ ಆಡುತ್ತಿತ್ತು. ಬಾಯಿ ತುಂಬ ಹುಣ್ಣಾದವು.

ಬಂದವರಿಗೆಲ್ಲ ರೊಟ್ಟಿ, ಕೆಂಪು ಚಟ್ನಿ ಬಡಿಸುವವಳು ಒಳಗೆ ಕುಳಿತು ತಣ್ಣನೆಯ ಗಂಜಿ ಕುಡಿಯುತ್ತಿದ್ದಳು. ಸಾರಿನ ಉಪ್ಪು ನೋಡಲು ನನ್ನನ್ನು ಕರೆಯುತ್ತಿದ್ದಳು. "ಕೈ ಕೊಟ್ಟು ಬಾಯಿ ಕಸಗೊಂಡತು ನೋಡು ಈ ಗುಳಿಗಿ." ಡಾಕ್ಟರು ಹುಣ್ಣಿಗೆಂದು ಇನ್ನೊಂದು ಗುಳಿಗೆ ಸೇರಿಸಿದರು, ಮಾಯಲಿಲ್ಲ. ವಾರದ ಗುಳಿಗೆಯ ಪ್ರಮಾಣ ತಗ್ಗಿಸಿದರು. ಹುಣ್ಣು ಮಾದವು, ಬೆರಳು ಬಿಗಿದವು. ಬೇರೆ ಔಷಧಿ ಕೊಟ್ಟರೆ ಲಿವರ್ ತಡೆಯಲಿಲ್ಲ.

"ಕೈ, ಬಾಯಿ ಎರಡೂ ಉಳಿಯುವಂಥಾದ್ದು ಏನರ ಕೊಡ್ರಿ ಸರ" ಎಂದು ಒಮ್ಮೆ ನಾನೇ ಕೇಳಿಬಿಟ್ಟೆ.

"ಅದನ್ನ ಹುಡುಕಾಕತ್ತೇನ್ರಿ" ಎಂದರು ಡಾಕ್ಟರು. ಪಾಪ, ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗೂ ಇರಲಿಲ್ಲ.

ಹೋದ ಚಳಿಗಾಲದಲ್ಲಿ ಅವಳ ಎದೆಗೆ ಸೋಂಕು ತಗುಲಿತು. ಗುಳಿಗೆಗಳಿಂದ ಮೈಯ ತಡೆಯುವ ಶಕ್ತಿ ಕುಗ್ಗಿದೆಯೆಂದು ವಾತದ ಔಷಧಿಯನ್ನೆಲ್ಲ ನಿಲ್ಲಿಸಿದರು. ಬಾಯಿ ಪೂರ್ತಿ ಮಾದಿತ್ತು. ನಾನು ರೊಟ್ಟಿ ಮಾಡಿಕೊಂಡು ಆಸ್ಪತ್ರೆಗೆ ಹೋಗಿ, ಹಾಲಿನಲ್ಲಿ ನೆನೆಸಿ ತುತ್ತು ಕೊಟ್ಟೆ. ಎಷ್ಟೋ ಹೊತ್ತು ಅಗಿದಳು.

"ಯಾರು ಬಡದದ್ದು ಇದು?"

"ನಾನ ಬಡದೀನಿ ಅಕ್ಕಾ."

"ದಂಡಿ ದಪ್ಪ ಆಗೇತಿ. ಹಿಂಗ ತಿರುಗಿಸ್ಕೋಂತ ಬಡೀಬೇಕು" ಎಂದು ತೋರಿಸಲು ಕೈ ಎತ್ತಿದಳು. ಬೆರಳುಗಳು ಬಿಚ್ಚಲಿಲ್ಲ. ಕೈಯನ್ನೊಮ್ಮೆ ನೋಡಿಕೊಂಡಳು, ನನ್ನನ್ನು ನೋಡಿದಳು. ನಾನೇ ಆ ಕೈ ಹಿಡಿದು ಹಾಸಿಗೆಯ ಮೇಲಿಟ್ಟೆ. ಅದೇ ವಾರ ತೀರಿಕೊಂಡಳು.

ಈಗ ಗೋಡೆಯಾಚೆ ಯಾರೂ ಇಲ್ಲ. ನನ್ನ ರೊಟ್ಟಿಯ ಅಂಚು ಇನ್ನೂ ದಪ್ಪವೇ. ಆದರೂ ಬೆಳಿಗ್ಗೆ ಆ ಕಡೆಗೆ ಕೇಳಿಸುವಷ್ಟು ಜೋರಾಗಿಯೇ ಬಡಿಯುತ್ತೇನೆ.