ಹತ್ತೊಂಬತ್ತು ದಿನದ ಪಾಠ ಬಾಕಿ

ಬಸ್ಸು ನಿಂತಾಗ ಮಾತ್ರ ರಂಜನಾ ಅಂಕ ಬರೆಯುತ್ತಾರೆ. ಓಡುವ ಬಸ್ಸಿನಲ್ಲಿ ಬರೆದರೆ ಒಂದು ಏಳಾಗುತ್ತದೆ, ಮೂರು ಎಂಟಾಗುತ್ತದೆ. ಆಮೇಲೆ ತರಗತಿಯಲ್ಲಿ ಮಕ್ಕಳು ತಕರಾರು ತೆಗೆಯುತ್ತಾರೆ. ಹಾಗಾಗಿ ಗದಗ ಬಿಟ್ಟ ಮೇಲೆ ಉತ್ತರಪತ್ರಿಕೆಯನ್ನು ಕಣ್ಣಿನಲ್ಲೇ ಓದಿಕೊಂಡು, ತಪ್ಪು ಕಂಡ ಸಾಲಿನ ಮೇಲೆ ಹೆಬ್ಬೆರಳು ಊರಿ ಹಿಡಿದು, ಮುಂದಿನ ಸ್ಟಾಪಿನಲ್ಲಿ ಕೆಂಪು ಪೆನ್ನು ಆಡಿಸುತ್ತಾರೆ. ಬೆಳಗಿನ ಆರೂಕಾಲರ ಮುಂಡರಗಿ ಬಸ್ಸು. ಹೊರಗೆ ಇನ್ನೂ ಮಬ್ಬು. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪಗಳು ಮಂಜಿನಲ್ಲಿ ಮಿಣಮಿಣ ಎನ್ನುತ್ತಿವೆ. ಡಂಬಳದಲ್ಲಿ ಬಸ್ಸು ನಿಂತದ್ದೇ ನಾಲ್ಕು ಪತ್ರಿಕೆಗಳಿಗೆ ಅಂಕ ಬೀಳುತ್ತದೆ.

“ಇನ್ನ ಎಷ್ಟ ಉಳದಾವ್ರಿ ಟೀಚರ್?” ಎಂದು ಕಂಡಕ್ಟರ್ ಇಜಾಜ ಕೇಳುತ್ತಾರೆ.

“ಹನ್ನೊಂದ ಅದಾವ್ರಿ.”

“ಮುಂಡರಗಿ ತನಕಾ ಮುಗಿಯಂಗಿಲ್ಲ ಬಿಡ್ರಿ,” ಎಂದು ಅವರು ಸೀಟಿ ಊದುತ್ತಾರೆ. ರಂಜನಾ ಪೆನ್ನಿನ ಕ್ಯಾಪು ಹಾಕಿ ಮತ್ತೆ ಓದಲು ತೊಡಗುತ್ತಾರೆ.

ಮೂವತ್ತೊಂಬತ್ತು ವರ್ಷದ ರಂಜನಾ ಅತಿಥಿ ಶಿಕ್ಷಕಿ. ಹೆಸರಿಗೆ ಅತಿಥಿಯಾದರೂ ಸಿಂಗಟಾಲೂರಿನ ದಾರಿಯಲ್ಲಿರುವ ಒಂದು ಸರ್ಕಾರಿ ಪ್ರೌಢಶಾಲೆಗೆ ಅವರು ಗಣಿತ ಕಲಿಸಲು ಹೋಗುತ್ತಿರುವುದು ಇದು ಒಂಬತ್ತನೆಯ ವರ್ಷ. ಅಷ್ಟೂ ವರ್ಷದಿಂದ ಅಲ್ಲಿನ ಕಾಯಂ ಗಣಿತ ಶಿಕ್ಷಕರ ಹುದ್ದೆ ಖಾಲಿ ಇದೆ. ಬೆಟಗೇರಿಯ ಮನೆಯಿಂದ ಮುಂಡರಗಿಗೆ ಬಸ್ಸು, ಅಲ್ಲಿಂದ ಮುಂದೆ ಟಂಟಂ ಆಟೊ, ಒಟ್ಟು ಐವತ್ತೈದು ಕಿಲೋಮೀಟರ್. ಎಂಟೂವರೆಗೆ ಹತ್ತನೆಯವರಿಗೆ ವಿಶೇಷ ತರಗತಿ, ಆಮೇಲೆ ಆರು ಪೀರಿಯಡ್ಡು. ಮೂರು ತರಗತಿ ಸೇರಿ ತೊಂಬತ್ತೆರಡು ಮಕ್ಕಳು. ಸಂಜೆ ಮನೆ ಮುಟ್ಟುವಾಗ ಏಳು ಗಂಟೆ. ಅವರಿಗೆ ಸಿಗುವ ಗೌರವಧನ ಗದಗಿನ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವ ಹುಡುಗಿಯರ ಪಗಾರಕ್ಕಿಂತ ಕಡಿಮೆ. ಅದೂ ಮೂರು ನಾಲ್ಕು ತಿಂಗಳಿಗೊಮ್ಮೆ ಕೂಡಿಕೊಂಡು ಬರುತ್ತದೆ.

ಹುಟ್ಟಿದ್ದು ಬೆಟಗೇರಿಯ ನೇಕಾರರ ಓಣಿಯಲ್ಲಿ. ತಾಯಿ ಸಾವಂತ್ರೆವ್ವ ಈಗಲೂ ಮಗ್ಗಕ್ಕೆ ಕೂಡುತ್ತಾರೆ. ಗಂಡ ಪ್ರಭುಲಿಂಗ ಗದಗಿನ ಮುದ್ರಣಾಲಯವೊಂದರಲ್ಲಿ ಬೈಂಡಿಂಗ್ ಮಾಡುತ್ತಾರೆ. ಬಿ.ಎಸ್ಸಿ., ಬಿ.ಇಡಿ. ಮುಗಿಸಿ, ಕಾಯಂ ನೇಮಕಾತಿಯ ಪರೀಕ್ಷೆ ಎರಡು ಬಾರಿ ಬರೆದು, ಎರಡು ಸಲವೂ ಕೂದಲೆಳೆಯಲ್ಲಿ ಆಯ್ಕೆ ಕಳೆದುಕೊಂಡವರು ರಂಜನಾ.

ಈ ವರ್ಷ ಅವರಿಗೊಂದು ಹಟ. ಹತ್ತನೆಯವರ ಪಠ್ಯವೆಲ್ಲ ಡಿಸೆಂಬರ್ ಒಳಗೇ ಮುಗಿಯಬೇಕು. ಯಾಕಿಷ್ಟು ಅವಸರ ಎಂದರೆ, “ಹೋದ ವರ್ಷದ್ದು ಇನ್ನೂ ಮೈಯಾಗ ಐತ್ರಿ,” ಎನ್ನುತ್ತಾರೆ.

ಹೋದ ಜನವರಿಯ ಎರಡನೆಯ ವಾರ ಜಿಲ್ಲೆಯ ಅತಿಥಿ ಶಿಕ್ಷಕರು ಪಾಠ ನಿಲ್ಲಿಸಿ ಗದಗಿನಲ್ಲಿ ಧರಣಿ ಕುಳಿತರು. ಬೇಡಿಕೆ ಎರಡೇ: ಸಂಬಳ ಹೆಚ್ಚಬೇಕು, ತಿಂಗಳ ಸಂಬಳ ಆ ತಿಂಗಳೇ ಬರಬೇಕು. ಶಿರಹಟ್ಟಿಯಿಂದ, ಲಕ್ಷ್ಮೇಶ್ವರದಿಂದ, ಮುಂಡರಗಿಯಿಂದ ಬಂದವರು ಸೇರಿ ಮೊದಲ ದಿನ ಇನ್ನೂರರ ಮೇಲಿದ್ದರು. ಹತ್ತನೆಯವರಿಗೆ ಪರೀಕ್ಷೆ ಎರಡೂವರೆ ತಿಂಗಳು ದೂರ. ತ್ರಿಕೋನಮಿತಿ ಅರ್ಧಕ್ಕೆ ನಿಂತಿತ್ತು. ಹಿಂದಿನ ರಾತ್ರಿ ರಂಜನಾ ತಾಯಿಯ ಮುಂದೆ ಕುಳಿತು ಹೋಗಲೋ ಬೇಡವೋ ಎಂದು ಗುನುಗಿದಾಗ ಸಾವಂತ್ರೆವ್ವ ಲಾಳಿ ನಿಲ್ಲಿಸಲಿಲ್ಲ.

“ನಮಗಂತೂ ಕೂಲಿ ಕಡಿಮಿ ಆದಾಗ ಯಾರ ಬಾಗಲದಾಗ ಕುಂಡ್ರಬೇಕು ಅನ್ನೋದ ತಿಳೀಲಿಲ್ಲ,” ಎಂದರಂತೆ. “ನಿಮಗ ಬಾಗಲರ ಗೊತ್ತೈತಿ. ಹೋಗಿ ಕುಂದರು.”

ರಂಜನಾ ಹೋಗಿ ಕುಳಿತರು. ಎರಡು ಮೂರು ದಿನದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದರು. ವಾರವಾಗುತ್ತ ಬಂತು. ಪೆಂಡಾಲಿನ ಜಮಖಾನೆಯ ಮೇಲೆ ಜನ ತೆಳ್ಳಗಾದರು. ಆರನೆಯ ದಿನ ಶಾಲೆಯ ಮುಖ್ಯೋಪಾಧ್ಯಾಯ ನರಸಿಂಹ ಅವರ ಫೋನ್ ಬಂತು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಆ ಕನ್ನಡ ಮೇಷ್ಟ್ರು ಗಣಿತದ ಪೀರಿಯಡ್ಡುಗಳಲ್ಲಿ ತಾವೇ ಹೋಗಿ ಕುಳಿತು ಮಕ್ಕಳಿಂದ ಹಳೆಯ ಲೆಕ್ಕಗಳನ್ನು ನಕಲು ಮಾಡಿಸುತ್ತಿದ್ದರು.

“ರಂಜನಾ ಅವರ, ದಿನಾ ಬರೂದ ಬ್ಯಾಡ. ವಾರಕ್ಕ ಎರಡ ದಿನ ಬಂದು ಹತ್ತನೇದವರಿಗೆ ಎರಡೆರಡ ಪೀರಿಯಡ್ ತಗೊಂಡ ಹೋಗ್ರಿ,” ಎಂದರು ಅವರು. “ನಾ ಎಲ್ಲೂ ಬರಿಯಂಗಿಲ್ಲ. ಯಾರಿಗೂ ಖಬರ ಆಗಂಗಿಲ್ಲ.”

“ಹಂಗ ಹೆಂಗ ಬರ್ಲಿ ಸರ್?” ರಂಜನಾ ಹೇಳಿದರು. “ಇಲ್ಲಿ ಕುಂತವ್ರೆಲ್ಲಾ ತಮ್ಮ ತಮ್ಮ ಹುಡುಗರನ್ನ ಬಿಟ್ಟ ಬಂದಾರ. ನಾ ಕದ್ದ ಹೋದ್ರ ನಾಳಿ ಇನ್ನೊಬ್ಬರು ಹೋಗ್ತಾರ. ಆಮ್ಯಾಲ ಉಳಿದವರ ಮಾತು ಯಾರ ಕೇಳ್ತಾರ್ರಿ?”

ನರಸಿಂಹ ಮೇಷ್ಟ್ರು ಒತ್ತಾಯ ಮಾಡಲಿಲ್ಲ. “ಆತು, ನಿಮ್ಮ ಮಾತೂ ಖರೆ ಐತಿ,” ಎಂದು ಫೋನಿಟ್ಟರು. ಅವರು ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು ಎನ್ನುತ್ತಾರೆ ರಂಜನಾ.

ಹನ್ನೊಂದನೆಯ ದಿನ ಇನ್ನೊಂದು ಫೋನ್ ಬಂತು. ಹತ್ತನೆಯ ತರಗತಿಯ ಪ್ರಿಯಾ, ತಂದೆಯ ಮೊಬೈಲಿನಿಂದ. ಪೆಂಡಾಲಿನಲ್ಲಿ ಘೋಷಣೆ ಜೋರಾಗಿತ್ತು. ರಂಜನಾ ಎದ್ದು ಹಿಂದಿನ ಗೋಡೆಯ ಮರೆಗೆ ಹೋಗಿ ಕಿವಿಗೆ ಒತ್ತಿ ಹಿಡಿದರು.

“ಟೀಚರ್ರ, ಕಂಬದ ಎತ್ತರ ಕೇಳ್ಯಾರ್ರಿ. ನೆರಳ ಕೊಟ್ಟಾರ, ಕೋನ ಕೊಟ್ಟಾರ. ಸೈನ್ ಹಿಡೀಬೇಕೋ ಟ್ಯಾನ್ ಹಿಡೀಬೇಕೋ?”

“ಟ್ಯಾನ್. ಯಾಕಂದ್ರ ನೋಡು…” ಎನ್ನುವಷ್ಟರಲ್ಲಿ ಹುಡುಗಿ, “ಅಪ್ಪ ಫೋನ್ ಕೇಳಾಕತ್ತಾನ್ರಿ, ಇಡ್ತೇನಿ,” ಎಂದಳು. ಯಾಕೆ ಎನ್ನುವುದು ಬಾಯಿಯಲ್ಲೇ ಉಳಿಯಿತು.

ಹತ್ತೊಂಬತ್ತನೆಯ ದಿನ ಧರಣಿ ಮುಗಿಯಿತು. ಗೌರವಧನ ಒಂದಿಷ್ಟು ಹೆಚ್ಚಿತು. ಸಮಯಕ್ಕೆ ಕೊಡುವ ವಿಷಯದಲ್ಲಿ ಪರಿಶೀಲಿಸುತ್ತೇವೆ ಎಂಬ ಕಾಗದ ಸಿಕ್ಕಿತು. ಧರಣಿ ಕುಳಿತ ದಿನಗಳ ಹಣ ಕಡಿತವಾಯಿತು. ಮರುದಿನ ರಂಜನಾ ತರಗತಿಗೆ ಹೋದಾಗ ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತಾರು ಮಂದಿ ಇದ್ದರು. ಗಣಿತ, ವಿಜ್ಞಾನ, ಇಂಗ್ಲಿಷ್ ಮೂರಕ್ಕೂ ಅತಿಥಿ ಶಿಕ್ಷಕರೇ ಇದ್ದ ಶಾಲೆ ಅದು. ಪಾಠವಿಲ್ಲದ ಶಾಲೆಗೆ ಯಾಕೆ ಬರಬೇಕು ಎಂದು ಐವರು ಕೂಲಿಗೆ ಹೋಗಿದ್ದರು. ರಂಜನಾ ಮನೆ ಮನೆಗೆ ಅಲೆದು ನಾಲ್ವರನ್ನು ವಾಪಸು ತಂದರು.

ಐದನೆಯವನು ಯಲ್ಲೇಶ. ಪ್ರಮೇಯಗಳನ್ನು ಪುಸ್ತಕ ನೋಡದೆ ಹಲಗೆಯ ಮೇಲೆ ಬಿಡಿಸುತ್ತಿದ್ದ ಹುಡುಗ. ಸೋದರಮಾವನ ಜೊತೆ ಗೋವಾಕ್ಕೆ ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕೆ ಹೋದವನು ಪರೀಕ್ಷೆಗೂ ಬರಲಿಲ್ಲ. ರಂಜನಾ ಫೋನ್ ಹಚ್ಚಿದಾಗ ಅವನ ದನಿಯಲ್ಲಿ ಬೇಸರವೇನೂ ಇರಲಿಲ್ಲ. “ಟೀಚರ್ರ, ಇಲ್ಲಿ ಅಳತಿ ಎಲ್ಲಾ ನಾನ ಹಾಕತೇನ್ರಿ. ಮೇಸ್ತ್ರಿಗೆ ಬರಂಗಿಲ್ಲ,” ಎಂದು ಹೇಳಿಕೊಂಡ. ಭೇಷ್ ಎನ್ನಬೇಕೋ ಅಳಬೇಕೋ ತಿಳಿಯದೆ ರಂಜನಾ, “ಎತ್ತರದಾಗ ಹುಷಾರಪ್ಪಾ,” ಎಂದಷ್ಟೇ ಹೇಳಿದರು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಗಣಿತದಲ್ಲಿ ಆರು ಮಂದಿ ನಪಾಸು. ಹಿಂದಿನ ವರ್ಷ ಒಬ್ಬಳೇ ನಪಾಸಾಗಿದ್ದಳು. ಅವರಲ್ಲಿ ಪ್ರಿಯಾಳಿಗೆ ಪಾಸಾಗಲು ನಾಲ್ಕು ಅಂಕ ಕಡಿಮೆ ಬಿದ್ದಿತ್ತು. ಕಂಬದ ನೆರಳಿನಂಥ ಒಂದು ಲೆಕ್ಕಕ್ಕೆ ನಾಲ್ಕು ಅಂಕ. ನಪಾಸಾದವರಿಗೆ ಎರಡನೆಯ ಪರೀಕ್ಷೆ ಮೇ ಕೊನೆಗಿತ್ತು. ಉಳಿದ ಐವರಲ್ಲಿ ಮೂವರು ಮುಂಡರಗಿಯಲ್ಲಿ ಟ್ಯೂಶನ್ ಹಿಡಿದರು, ಇಬ್ಬರು ಶಾಲೆಯ ಮಾತು ಸಾಕು ಎಂದರು. ಪ್ರಿಯಾಳ ಸುದ್ದಿ ಮಾತ್ರ ಇರಲಿಲ್ಲ. ಒಂದು ಬೆಳಿಗ್ಗೆ ರಂಜನಾ ಬಸ್ಸು ಹತ್ತಿದರು.

ಪ್ರಿಯಾಳ ತಂದೆ ಹೊಳೆಯಪ್ಪ ಪಂಚಾಯಿತಿಯ ನೀರು ಬಿಡುವವರು. ಟ್ಯಾಂಕಿನ ಕೆಳಗೆ ವಾಲ್ವ್ ತಿರುಗಿಸುತ್ತಿದ್ದವರು ರಂಜನಾ ಅವರನ್ನು ಕಂಡು ಕೈ ಒರೆಸಿಕೊಂಡರು. “ಬರ್ರಿ ಅಕ್ಕಾರ,” ಎಂದು ಕಟ್ಟೆ ತೋರಿಸಿದರು. ರಂಜನಾ ಕೂಡಲಿಲ್ಲ. ಪ್ರಿಯಾಳನ್ನು ಪರೀಕ್ಷೆಗೆ ಕಟ್ಟಿಸಿ ಎಂದು ನಿಂತೇ ಕೇಳಿದರು.

ಹೊಳೆಯಪ್ಪ ವಾಲ್ವನ್ನು ಮತ್ತೊಂದು ಸುತ್ತು ತಿರುಗಿಸಿದರು. “ನಾವೂ ಪಗಾರಕ್ಕ ಧರಣಿ ಕುಂತೇವ್ರಿ ಅಕ್ಕಾರ. ಮೂರ ದಿನ ಊರಿಗೆ ನೀರ ಬಿಡಲಿಲ್ಲ. ಮಂದಿ ಬಾಯಿಗೆ ಬಂದಂಗ ಬೈದ್ರು. ಹೊಟ್ಟೀದು ನನಗ ತಿಳೀತೈತಿ, ಅದಕ್ಕ ನಿಮಗ ಬಯ್ಯಂಗಿಲ್ಲ. ಆದ್ರ ನೀರ ನಾಕನೇ ದಿನಕ್ಕ ಬಂತು ನೋಡ್ರಿ. ಹುಡುಗೀ ವರ್ಷ ಹೆಂಗ ಬರತೈತಿ?”

ಪ್ರಿಯಾ ಎಲ್ಲಿ ಎಂದು ರಂಜನಾ ಕೇಳಿದರು. ನೀರಾವರಿ ಹೊಲದಲ್ಲಿ ಶೇಂಗಾ ಬಿಡಿಸಲು ಹೋಗಿದ್ದಾಳೆ, ಬುಟ್ಟಿ ಲೆಕ್ಕದ ಕೂಲಿ, ಸಂಜೆ ತನಕ ಬಿಡುವಿಲ್ಲ ಎಂದರು ಹೊಳೆಯಪ್ಪ. ರಂಜನಾ ದಾರಿ ಕೇಳಿಕೊಂಡು ಹೊಲಕ್ಕೇ ನಡೆದರು.

ಬೇವಿನ ಗಿಡದ ಕೆಳಗೆ ಬಳ್ಳಿಯ ರಾಶಿ. ಏಳೆಂಟು ಹೆಣ್ಣುಮಕ್ಕಳು ಬಳ್ಳಿಯಿಂದ ಕಾಯಿ ಕಿತ್ತು ಬುಟ್ಟಿ ತುಂಬುತ್ತಿದ್ದರು. ಪ್ರಿಯಾ ಮುಖ ಎತ್ತಲಿಲ್ಲ. “ನನಗ ಗಣಿತ ತಲಿಗೆ ಹತ್ತಂಗಿಲ್ರಿ ಟೀಚರ್ರ,” ಎಂದಳು. ರಂಜನಾ ಸೆರಗು ಸಿಕ್ಕಿಸಿಕೊಂಡು ಅವಳ ಪಕ್ಕ ಕುಳಿತರು. ಒಂದು ಬಳ್ಳಿ ಎಳೆದುಕೊಂಡು ಕಾಯಿ ಬಿಡಿಸುತ್ತ, “ನಾ ಹತ್ತೊಂಬತ್ತ ದಿನ ಬರಲಿಲ್ಲ. ಅದು ನಿನ್ನ ತಲಿ ತಪ್ಪಲ್ಲ,” ಎಂದರು. ಆಮೇಲೆ, “ನೆರಳು ಯಾವ ಬಾಜು, ಎತ್ತರ ಯಾವ ಬಾಜು, ಹೇಳು ನೋಡೋಣ,” ಎಂದರು. ಹುಡುಗಿ ಕೈಯಲ್ಲಿದ್ದ ಬಳ್ಳಿಯನ್ನೇ ನೆಟ್ಟಗೆ ಹಿಡಿದು ತೋರಿಸಿದಳು.

ಇಬ್ಬರ ಕೈಯಿಂದ ಬುಟ್ಟಿ ಬೇಗ ತುಂಬುತ್ತಿತ್ತು. ಉಳಿದ ಹೊತ್ತಿನಲ್ಲಿ ನೋಟುಬುಕ್ಕು ತೆರೆಯುತ್ತಿದ್ದರು. ವಾರಕ್ಕೆ ಮೂರು ದಿನ ಹೀಗೆ ನಡೆಯಿತು. ಆ ಮೇ ತಿಂಗಳಲ್ಲಿ ರಂಜನಾ ಯಾವ ಶಾಲೆಯ ಶಿಕ್ಷಕಿಯೂ ಆಗಿರಲಿಲ್ಲ. ಅತಿಥಿ ಶಿಕ್ಷಕರನ್ನು ಪ್ರತಿವರ್ಷ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡುತ್ತಾರೆ, ಜೂನ್‌ನಲ್ಲಿ ಮತ್ತೆ ಅರ್ಜಿ ಹಾಕಬೇಕು. ನಡುವಿನ ಎರಡು ತಿಂಗಳು ರಂಜನಾ ತಾಯಿಯ ಮಗ್ಗಕ್ಕೆ, ಲಾಳಿಯಲ್ಲಿ ಕೂರಿಸುವ ನೂಲಿನ ಕಂಡಿಕೆ ಸುತ್ತುತ್ತಾರೆ. ಹೊಲಕ್ಕೆ ಹೋದ ದಿನಗಳ ಕಂಡಿಕೆಯನ್ನು ಬೆಳಗಿನ ನಾಲ್ಕಕ್ಕೇ ಎದ್ದು ಮುಗಿಸುತ್ತಿದ್ದರು.

ಪರೀಕ್ಷೆಯ ದಿನ ಹೊಳೆಯಪ್ಪ ಮಗಳನ್ನು ಮೋಟರ್ ಸೈಕಲ್ಲಿನ ಮೇಲೆ ಮುಂಡರಗಿಗೆ ತಾವೇ ಬಿಟ್ಟು ಬಂದರು. ಪ್ರಿಯಾಳಿಗೆ ಗಣಿತದಲ್ಲಿ ನಲವತ್ತೊಂದು ಬಂತು. ಈಗ ಮುಂಡರಗಿಯ ಕಾಲೇಜಿನಲ್ಲಿ ಪಿಯುಸಿ ಓದುತ್ತಿದ್ದಾಳೆ. “ಯಾವ ವಿಭಾಗ ತಗೊಂಡಿ ಅಂತ ಕೇಳಿದ್ನಿ,” ಎಂದು ರಂಜನಾ ಅಪರೂಪಕ್ಕೆ ನಗುತ್ತಾರೆ. “ಗಣಿತ ಇಲ್ಲದ್ದು ಟೀಚರ್ರ ಅಂದ್ಲು.”

ಯಲ್ಲೇಶನಿಗೆ ಮೊನ್ನೆ ದೀಪಾವಳಿಗೆ ಫೋನ್ ಹಚ್ಚಿದ್ದರು. ನಂಬರ್ ಬದಲಾಗಿತ್ತು.

ಬರುವ ಜನವರಿಯಲ್ಲಿ ಮತ್ತೆ ಧರಣಿ ಎಂಬ ಸಂದೇಶಗಳು ಸಂಘದ ಗುಂಪಿನಲ್ಲಿ ಓಡಾಡುತ್ತಿವೆ. ಜೂನ್‌ನಿಂದ ಇದುವರೆಗೆ ಒಂದೇ ಸಲ ಗೌರವಧನ ಬಂದಿದೆ. ಕೂಡುತ್ತೀರಾ ಎಂದರೆ ರಂಜನಾ ಮುಂಡರಗಿ ನಿಲ್ದಾಣದ ಬೆಂಚಿನ ಮೇಲೆ ಟಂಟಂಗೆ ಕಾಯುತ್ತ ಕಣ್ಣುಜ್ಜಿಕೊಳ್ಳುತ್ತಾರೆ.

“ಕುಂಡ್ರತೇನ್ರಿ. ಕುಂಡ್ರದ ಏನ ಮಾಡ್ಲಿ? ಆದ್ರ ಈ ಸಲ ನನ್ನ ಹುಡುಗರಿಗೆ ಎಲ್ಲಾ ಹೇಳಿ ಮುಗಿಸೇ ಕುಂಡ್ರತೇನಿ. ಅಷ್ಟರ ನನ್ನ ಕೈಯಾಗ ಐತಿ.”

ಏನಾದರೂ ಆಸೆ ಉಂಟೇ ಎಂಬ ಪ್ರಶ್ನೆಗೆ ಅವರು ಕಾಯಂ ಆಗಬೇಕು ಎನ್ನುವುದಿಲ್ಲ, ಸಂಬಳದ ಮಾತನ್ನೂ ಎತ್ತುವುದಿಲ್ಲ.

“ಏಪ್ರಿಲ್‌ದಾಗ ಶಾಲಿ ಬಿಡೂ ದಿನ ಸ್ಟಾಫ್ ರೂಮಿನ್ಯಾಗ ಎಲ್ಲಾರೂ ಸೂಟಿ ಬಂತು, ಸೂಟಿ ಬಂತು ಅಂತ ಖುಷಿ ಪಡ್ತಾರ್ರಿ. ನನಗ ಆವತ್ತ ಕೆಲಸ ಹೋಗತೈತಿ,” ಎನ್ನುತ್ತಾರೆ. ಟಂಟಂ ಬಂದು ನಿಲ್ಲುತ್ತದೆ. ಪತ್ರಿಕೆಗಳ ಕಟ್ಟನ್ನು ಎದೆಗೊತ್ತಿ ಎದ್ದು ನಿಂತು ಮಾತು ಮುಗಿಸುತ್ತಾರೆ. “ಒಂದ ವರ್ಷರ ಬ್ಯಾಸಗಿ ಸೂಟಿ ನನಗೂ ಸೂಟಿ ಆಗಬೇಕ್ರಿ.”