ಎರಡು ಊಟದ ಪ್ರವಾಸ

ಭಾನುವಾರ ಒಂದು ದಿನದ ಪ್ರವಾಸವಿದೆ, ನೀನೂ ಬಾ ಎಂದು ತಂಗಿ ಫೋನು ಮಾಡಿದಾಗ ನನಗೆ ನಗು ಬಂತು. ನೋಡುವುದೇನೆಂದರೆ ಇಕ್ಕೇರಿ, ನಗರ ಎಂಬ ಊರಿನ ಕೋಟೆ, ಕವಲೇದುರ್ಗ, ಕೊನೆಗೆ ತೀರ್ಥಹಳ್ಳಿಯ ಹೊಳೆ. ನಾನು ಹುಟ್ಟಿದ್ದು ಸಾಗರದ ಪಕ್ಕದ ಹಳ್ಳಿಯಲ್ಲಿ, ಮೇಷ್ಟರಗಿರಿ ಮಾಡಿದ್ದು ಸಾಗರದಲ್ಲಿ, ನಿವೃತ್ತಿಯಾಗಿ ಕೂತಿರುವುದೂ ಸಾಗರದಲ್ಲೇ. ನಮ್ಮೂರನ್ನು ನಮಗೇ ತೋರಿಸುವುದಕ್ಕೆ ಗೈಡು ಬೇರೆ ಬೇಕಾ ಎಂದು ಕೇಳಿದೆ.

"ಗೈಡು ನಾನೇ ಕಣೆ ಅಕ್ಕಾ," ಅಂದಳು.

ಅವಳು ಹೊಸನಗರದ ಕಡೆಯ ಹಳ್ಳಿಗೆ ಮದುವೆಯಾಗಿ ಹೋದವಳು. ಗದ್ದೆ, ದನ, ಅಡುಗೆ, ಮಕ್ಕಳ ಓದು ಎಂದು ಇಷ್ಟು ದಿನ ತಲೆ ಎತ್ತಿರಲಿಲ್ಲ. ಮಕ್ಕಳು ದೊಡ್ಡವರಾದ ಮೇಲೆ ಯಾವುದೋ ತರಬೇತಿಗೆ ಹೋಗಿಬಂದು, ಸಣ್ಣ ಗುಂಪುಗಳನ್ನು ವ್ಯಾನಿನಲ್ಲಿ ಸುತ್ತಿಸುವ ಕೆಲಸಕ್ಕೆ ಇಳಿಯುತ್ತಿದ್ದಾಳೆ ಎಂದು ಕೇಳಿದ್ದೆ, ನಂಬಿರಲಿಲ್ಲ. ನಂಬುವುದು ಹೇಗೆ? ಶಾಲೆಯಲ್ಲಿ ಸ್ವಾಗತ ಭಾಷಣದ ಮೊದಲ ಸಾಲಿಗೇ ನಾಲಿಗೆ ಒಣಗಿ, ವೇದಿಕೆಯಿಂದ ಇಳಿದು ಓಡಿಬಂದು ನನ್ನ ಲಂಗ ಹಿಡಿದುಕೊಂಡವಳು ಅವಳು. ಮನೆಗೆ ನೆಂಟರು ಬಂದರೆ ಮಾತಾಡುವುದು ನಾನು, ಕಾಫಿ ತಂದಿಡುವುದು ಅವಳು ಎಂದು ನಮ್ಮಿಬ್ಬರ ನಡುವೆ ಯಾವಾಗಲೋ ಹಂಚಿಕೆಯಾಗಿಹೋಗಿತ್ತು.

"ಇದೇ ಫಸ್ಟು. ಇದೊಂದು ಸರಿ ಆದ್ರೆ ಮುಂದುವರೀತೀನಿ. ಹಾಳಾಯ್ತು ಅಂದ್ರೆ ಇಲ್ಲಿಗೇ ಬಿಟ್ಬಿಡ್ತೀನಿ, ಇನ್ನೊಂದ್ಸಲ ನಿಂತ್ಕಂಡು ಮಾತಾಡೋ ಶಕ್ತಿ ನಂಗಿಲ್ಲ. ಧೈರ್ಯಕ್ಕೆ ನೀನು ಬಾ. ಆದ್ರೆ ಅಕ್ಕ ಅಂತ ಯಾರಿಗೂ ಹೇಳ್ಬಾರ್ದು. ಮತ್ತೆ, ನಡುವೆ ಬಾಯಿ ಹಾಕ್ಬಾರ್ದು."

ಬಾಯಿ ಹಾಕುವುದನ್ನೇ ಉದ್ಯೋಗ ಮಾಡಿಕೊಂಡು ಸಂಬಳ ಎಣಿಸಿದವಳಿಗೆ ಇದು ಸುಲಭದ ಮಾತಲ್ಲ. ಆದರೂ ಒಪ್ಪಿದೆ.

ಚಳಿಗಾಲದ ಒಳ್ಳೆಯ ಬೆಳಗು. ಸಾಗರದ ಬಸ್‌ಸ್ಟ್ಯಾಂಡಿನ ಹತ್ತಿರ ವ್ಯಾನು ಹತ್ತಿದಾಗ ನಮ್ಮ ಗುಂಪು ನೋಡಿದೆ. ಮೈಸೂರಿನ ಒಬ್ಬ ನಿವೃತ್ತ ಅಧಿಕಾರಿ, ಅವರ ಹೆಂಡತಿ, ಹುಬ್ಬಳ್ಳಿಯಿಂದ ಬಂದ ಇಬ್ಬರು ಗೆಳತಿಯರು, ನಾನು. ಅಷ್ಟೇ. ಮೈಸೂರಿನವರು ಕೂತವರೇ ಕೇಳಿದ್ದು, "ಕವಲೇದುರ್ಗ ಇದೆ ತಾನೆ?" ಎಂದು. ಹಿಂದೊಮ್ಮೆ ಅಷ್ಟು ದೂರ ಬಂದು ಮಳೆಯಿಂದಾಗಿ ಬುಡದಿಂದಲೇ ವಾಪಸಾಗಿದ್ದರಂತೆ. ಅದೊಂದು ತೋರಿಸಿಬಿಡಿ ಸಾಕು ಎಂದರು. "ಖಂಡಿತಾ ಸರ್," ಅಂದಳು ತಂಗಿ. ಸಂಜೆ ಹೊತ್ತಾದ ಮೇಲೆ ಅಲ್ಲಿ ಮೇಲಕ್ಕೆ ಬಿಡುವುದಿಲ್ಲ, ಹಾಗಾಗಿ ಎಲ್ಲೂ ತಡ ಮಾಡುವಂತಿಲ್ಲ ಎಂದೂ ಹೇಳಿದಳು.

ಇಕ್ಕೇರಿಯಲ್ಲಿ ಅವಳು ಮಾತಾಡಿದ್ದು ಹಿಂದಿನಿಂದ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎನ್ನುವ ಹಾಗೆ. ಗೋಡೆಯ ಶಿಲ್ಪ, ಕಂಬ, ಮಾಡು, ಎಲ್ಲವೂ ಒಂದೇ ಉಸಿರಿಗೆ. ಬಾಯಿಪಾಠ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಹುಬ್ಬಳ್ಳಿಯ ಗೆಳತಿಯರು ಫೋಟೋ ತೆಗೆದುಕೊಳ್ಳಲು ಮೆಲ್ಲಗೆ ಜಾರಿದರು. ದೊಡ್ಡ ನಂದಿಯ ಎದುರಿಗೆ ಬಂದಾಗ ಮಾತ್ರ ಸ್ವಲ್ಪ ಸಡಿಲವಾದಳು. ಚಿಕ್ಕವರಿದ್ದಾಗ ನಂದಿಯ ಹೊಟ್ಟೆಯ ಕೆಳಗೆ ನುಸುಳುತ್ತಿದ್ದೆವು ಎಂದು ಹೇಳಿ, "ನಮ್ ಕಡೆಯೋರು ಒಬ್ರು ಒಳಗೇ ಸಿಕ್ಕಿಹಾಕ್ಕಂಡು ಅತ್ತಿದ್ರು," ಎನ್ನುತ್ತಾ ನನ್ನ ಕಡೆ ನೋಡಿದಳು. ಸಿಕ್ಕಿಹಾಕಿಕೊಂಡದ್ದು ಅವಳು! ಕಾಲು ಹಿಡಿದು ಎಳೆದದ್ದು ನಾನು! ಗಂಟಲವರೆಗೆ ಬಂದದ್ದನ್ನು ನುಂಗಿಕೊಂಡೆ.

ಹೊಸನಗರದಲ್ಲಿ ಅವಳ ಪರಿಚಯದ ಹೆಂಗಸೊಬ್ಬರ ಮನೆಯಲ್ಲಿ ಊಟಕ್ಕೆ ಮೊದಲೇ ಹೇಳಿಟ್ಟಿದ್ದಳು. ಅಕ್ಕಿರೊಟ್ಟಿ, ಬದನೆಕಾಯಿ ಪಲ್ಯ, ತಂಬುಳಿ, ಪಾಯಸ. ಎಲ್ಲರೂ ಚಪ್ಪರಿಸಿಕೊಂಡು ಉಂಡರು. ಮೈಸೂರಿನ ಅಮ್ಮ ಎರಡನೇ ಸಲ ಪಾಯಸ ಹಾಕಿಸಿಕೊಂಡರು. ಕೈ ತೊಳೆದು ಹೊರಟಾಗ ಹೇಳಿದ ಹೊತ್ತಿಗೆ ಸರಿಯಾಗಿದ್ದೆವು. ತಂಗಿಯ ಮುಖದಲ್ಲಿ ಬೆಳಗಿನಿಂದ ಮೊದಲ ಸಲ ನಗು ಕಂಡಿತು.

ನಗರದ ಕೋಟೆಯ ಮೇಲೆ ಉಳಿದವರು ಮುಂದೆ ನಡೆಯುತ್ತಿದ್ದಾಗ ಅವಳು ನನ್ನ ಪಕ್ಕಕ್ಕೆ ಬಂದು, ಇನ್ನು ಮುಂದೆ ದಾರಿಯಲ್ಲಿ ಹೆಂಗಸರಿಗೆ ಒಳ್ಳೆಯ ಬಾತ್‌ರೂಮು ಸಿಗುವುದಿಲ್ಲ, ಅದಕ್ಕೂ ವ್ಯವಸ್ಥೆ ಮಾಡಿದ್ದೇನೆ ಎಂದು ಪಿಸುಗುಟ್ಟಿದಳು. ಅವಳ ಅತ್ತೆಯ ತಂಗಿ, ಅಂದರೆ ಅವಳಿಗೆ ಚಿಕ್ಕತ್ತೆ, ಅವರ ಮನೆ ಕವಲೇದುರ್ಗದ ದಾರಿಯಲ್ಲೇ ಇದೆ. ನಿನ್ನೆ ಫೋನು ಮಾಡಿ ಹೇಳಿದ್ದಾಳೆ.

"ಬರೀ ಬಾತ್‌ರೂಮಿಗೆ ಅಂತ ಹೇಳಿದೀಯಾ?"

"ಹೌದು ಮತ್ತೆ. ಐದ್ ನಿಮಿಷ ಅಂತಾನೂ ಹೇಳಿದೀನಿ."

"ಅದಕ್ಕೆ ಅವ್ರು ಎಂಥ ಅಂದ್ರು?"

"ಆಯ್ತು ಬನ್ನಿ ಅಂದ್ರು. ಎಷ್ಟ್ ಜನ ಅಂತ ಕೇಳಿದ್ರು."

ಬಾತ್‌ರೂಮಿಗೆ ಬರುವವರು ಎಷ್ಟು ಜನ ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಎಷ್ಟು ಜನ ಎಂದು ಕೇಳುವುದು ಅಕ್ಕಿ ಅಳೆಯುವುದಕ್ಕೆ. ನೆಂಟರ ಮನೆಯ ಹೊಸ್ತಿಲು ದಾಟಿ ಒಳಗೆ ಹೋದವರು ಉಣ್ಣದೆ ಹೊರಗೆ ಬಂದದ್ದನ್ನು ನಾನಂತೂ ನೋಡಿಲ್ಲ. ಇಷ್ಟು ವರ್ಷ ಅದೇ ಕಡೆ ಸಂಸಾರ ಮಾಡಿ, ಅದೇ ರೀತಿ ಬಂದವರಿಗೆಲ್ಲ ಬಡಿಸಿದ ನನ್ನ ತಂಗಿ, ಗೈಡು ಆದ ತಕ್ಷಣ ಇದನ್ನು ಮರೆತುಬಿಟ್ಟಿದ್ದಳಲ್ಲ! ಹೇಳಬೇಕೆನಿಸಿತು. ಅವಳ ಮುಖದ ಮೇಲೆ ಆಗಷ್ಟೇ ಬಂದು ಕೂತಿದ್ದ ನಗುವನ್ನು ನೋಡಿ ಸುಮ್ಮನಾದೆ.

ವ್ಯಾನು ಆ ಮನೆಯ ಅಂಗಳಕ್ಕೆ ತಿರುಗುತ್ತಿದ್ದಂತೆ ಘಮ ಮೂಗಿಗೆ ಬಡಿಯಿತು. ಕೋಳಿ ಸಾರು. ಚಿಕ್ಕತ್ತೆ ಹೊಸ ಸೀರೆ ಉಟ್ಟುಕೊಂಡು ಜಗುಲಿಯಲ್ಲಿ ನಿಂತಿದ್ದರು. ವಯಸ್ಸಾಗಿದೆ, ಆದರೆ ಆಸಾಮಿ ಗಟ್ಟಿ. "ಬಂದ್ರಾ? ಬನ್ನಿ ಬನ್ನಿ. ಕೈಕಾಲ್ ತೊಳ್ಕಳಿ, ಬಾಳೆಎಲೆ ಹಾಕಿದೀನಿ," ಎಂದವರು ನನ್ನನ್ನು ಕಂಡು, "ಓ, ಅಕ್ಕನ್ನೂ ಕರ್ಕಂಡ್ ಬಂದಿದೀಯ! ಮೇಷ್ಟ್ರಮ್ಮ ನಮ್ಮನೆಗೆ ಬರ್ದೆ ಎಷ್ಟ್ ಕಾಲ ಆಯ್ತು!" ಎಂದು ನನ್ನ ಕೈ ಹಿಡಿದುಕೊಂಡರು.

ಗುಟ್ಟು ಅಲ್ಲಿಗೆ ರಟ್ಟಾಯಿತು. ಹುಬ್ಬಳ್ಳಿಯ ಗೆಳತಿಯರು ನಮ್ಮಿಬ್ಬರ ಮುಖವನ್ನೂ ಅಳೆದು ನೋಡಿ, "ಅದಕ್ಕಽ ಮೂಗು ಒಂದಽ ಥರಾ ಐತಿ!" ಎಂದು ನಕ್ಕರು. ತಂಗಿ ನಗಲಿಲ್ಲ. ಬಾಗಿಲಿನಿಂದ ಒಳಗೆ ಸಾಲಾಗಿ ಹಾಸಿದ್ದ ಎಲೆಗಳನ್ನು ನೋಡುತ್ತಾ ನಿಂತಿದ್ದಳು. ಕಡುಬು, ಕೋಳಿ ಸಾರು, ತಿನ್ನದವರಿಗೆ ಬಸಳೆ ಸಾರು, ಉಪ್ಪಿನಕಾಯಿ, ಬಾಳೆಹಣ್ಣು. ಬೆಳಗ್ಗೆ ಎದ್ದಾಗಿನಿಂದ ಒಲೆಯ ಮುಂದೆ ಇದ್ದಿರಬೇಕು ಪಾಪ. ಇತ್ತ ನಮ್ಮ ಹೊಟ್ಟೆಯಲ್ಲಿ ಪಾಯಸ ಇನ್ನೂ ಇಳಿದಿರಲಿಲ್ಲ. ಮೈಸೂರಿನವರು ವಾಚು ನೋಡಿ, ಬೆಟ್ಟದ ಕಡೆ ನೋಡಿ, ಕನ್ನಡಕ ಒರೆಸಿಕೊಂಡರು. ಆ ಒರೆಸುವಿಕೆ ನನಗೆ ಬೈಗುಳಕ್ಕಿಂತ ಕಷ್ಟವಾಯಿತು.

ಉಂಡರೆ ಕೋಟೆ ತಪ್ಪುತ್ತದೆ. ಉಣ್ಣದಿದ್ದರೆ ಚಿಕ್ಕತ್ತೆ ಈ ಜನ್ಮದಲ್ಲಿ ಮರೆಯುವುದಿಲ್ಲ, ಹೊಸನಗರ ತಾಲ್ಲೂಕಿನ ಅಷ್ಟೂ ನೆಂಟರಿಗೆ ಸುದ್ದಿ ಮುಟ್ಟುತ್ತದೆ. ತಂಗಿಯ ಮುಖದಲ್ಲಿ ಅದೇ ಹಳೆಯ ವೇದಿಕೆಯ ಗಾಬರಿ ಕಂಡಿತು. ಇನ್ನೇನು ನನ್ನ ಕಡೆ ತಿರುಗುತ್ತಾಳೆ, ನಾನು ಮುಂದೆ ಹೋಗಿ ಮಾತಾಡಿ ಎಲ್ಲ ಸರಿಮಾಡುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡು ಸಿದ್ಧಳಾದೆ. ಅವಳು ತಿರುಗಲಿಲ್ಲ. ಸೀದಾ ಅಡುಗೆಮನೆಗೆ ಹೋದಳು. ನಾನು ಬೆನ್ನ ಹಿಂದೆಯೇ ಹೋದೆ.

"ಚಿಕ್ಕತ್ತೆ, ತಪ್ಪಾಯ್ತು. ಎಲ್ರುದೂ ಊಟ ಆಗಿದೆ. ಹೊತ್ ಮುಳುಗೋದ್ರೊಳಗೆ ಕೋಟೆ ಹತ್ತಿ ಇಳೀಬೇಕು. ಇದನ್ನ ಕಟ್ಟಿ ಕೊಡಿ, ಇಳಿದ್ ಬಂದು ಉಣ್ತೀವಿ."

"ಕಟ್ಟಿ ಕೊಡೋದಾ? ಮನೆಗೆ ಬಂದೋರಿಗೆ ಬುತ್ತಿ ಕಟ್ಟಿ ಸಾಗಹಾಕೋದಾ?" ಚಿಕ್ಕತ್ತೆಯ ಸೌಟು ಗಾಳಿಯಲ್ಲೇ ನಿಂತಿತು. "ನಾನೇನು ಹೋಟ್ಲು ಇಟ್ಟಿದೀನಾ ಮಾರಾಯ್ತಿ? ಬಡ್ಸೋರು ಯಾರು?"

"ನೀವೇ ಬಡ್ಸಿ. ನೀವೂ ಬನ್ನಿ ನಮ್ ಸಂಗ್ತಿಗೆ."

"ಎಲ್ಲಿಗೆ?"

"ಕೋಟೆಗೆ."

"ಕೋಟೆಗೆ ಹೋಗಿ ಎಂಥ ಮಾಡದು? ಅಲ್ಲಿ ಯಾರ್ ಮನೆ ಇದೆ?"

ಅವರು ತಮಾಷೆ ಮಾಡುತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಆ ಬೆಟ್ಟವನ್ನು ಅಂಗಳದಿಂದ ನೋಡಿದ್ದಾರೆ, ಒಮ್ಮೆಯೂ ಹತ್ತಿಲ್ಲ. ಹೋಗುವುದೆಂದರೆ ಯಾರದಾದರೂ ಮನೆಗೆ ಹೋಗುವುದು, ಖಾಲಿ ಕಲ್ಲು ನೋಡಲು ಯಾರಾದರೂ ಹೋಗುತ್ತಾರಾ? ತಂಗಿ ಮತ್ತೆ ಕೇಳಲಿಲ್ಲ, ವಾದ ಮಾಡಲಿಲ್ಲ. ಕಡುಬಿನ ಪಾತ್ರೆಗೆ ಬಟ್ಟೆ ಕಟ್ಟತೊಡಗಿದಳು. ಚಿಕ್ಕತ್ತೆ ಸ್ವಲ್ಪ ಹೊತ್ತು ನೋಡಿ, "ಹಂಗಲ್ಲ ಕಟ್ಟೋದು, ಬಿಡು," ಎಂದು ಅವಳ ಕೈಯಿಂದ ಬಟ್ಟೆ ಕಿತ್ತುಕೊಂಡರು. ಬರುತ್ತಾರೆ ಎಂದು ಗೊತ್ತಾಯಿತು.

ಹೊರಗೆ ಬಂದ ತಂಗಿ ಎಲ್ಲರನ್ನೂ ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತನ್ನ ಎಡವಟ್ಟಿನಿಂದ ಹೊತ್ತು ಹೋಯಿತು, ಕೋಟೆ ಮತ್ತು ತೀರ್ಥಹಳ್ಳಿ ಎರಡೂ ಆಗುವುದಿಲ್ಲ, ತೀರ್ಥಹಳ್ಳಿ ಬಿಟ್ಟು ಕೋಟೆಗೆ ಹೋಗೋಣವಾ ಎಂದು ಕೇಳಿದಳು. ಉಳಿದವರು ಉತ್ತರ ಕೊಡುವ ಮೊದಲೇ ಮೈಸೂರಿನವರು ವ್ಯಾನು ಹತ್ತಿ ಕೂತಾಗಿತ್ತು.

ಗದ್ದೆಯ ಅಂಚು ಹಿಡಿದು, ನಾಲ್ಕು ಮನೆ ದಾಟಿದರೆ ಕಲ್ಲು ಹಾಸಿದ ಹಳೆಯ ದಾರಿ ಶುರುವಾಗುತ್ತದೆ. ಪಾತ್ರೆಗಳನ್ನು ಬುಡದ ಒಂದು ಮನೆಯಲ್ಲಿ ಇಟ್ಟೆವು. ಆ ಮನೆಯವರೂ ಚಿಕ್ಕತ್ತೆಗೆ ಯಾವುದೋ ದಿಕ್ಕಿನಿಂದ ನೆಂಟರೇ. ಮೇಲಕ್ಕೆ ಹತ್ತುವಾಗ ತಂಗಿ ಮೊದಲ ಬಾಗಿಲಿನಲ್ಲಿ ನಿಂತು ಮತ್ತೆ ಬಾಯಿಪಾಠ ಶುರುಮಾಡಿದಳು. ಚಿಕ್ಕತ್ತೆ ನಡುವೆಯೇ ತಡೆದರು.

"ಅದಿರ್ಲಿ ಮಾರಾಯ್ತಿ. ಇಲ್ಲಿ ಇದ್ದೋರು ನೀರಿಗೆ ಎಲ್ಲಿಗೆ ಹೋಗ್ತಿದ್ರು?"

ತಂಗಿ ತಡವರಿಸಲಿಲ್ಲ. ಕೊಳ ಎಲ್ಲಿದೆ, ಅಷ್ಟು ಎತ್ತರದಲ್ಲಿ ನೀರು ಹೇಗೆ ನಿಲ್ಲುತ್ತದೆ ಎಂದು ಹೇಳಿದಳು. ಇನ್ನೊಂದು ಬಾಗಿಲಿಗೆ ಇನ್ನೊಂದು ಪ್ರಶ್ನೆ. ಕಾವಲಿನವರಿಗೆ ಊಟ ಯಾರು ತಂದುಕೊಡುತ್ತಿದ್ದರು? ಬಾಣಂತಿಯರು ಎಲ್ಲಿರುತ್ತಿದ್ದರು? ತಂಗಿ ಗೊತ್ತಿದ್ದದ್ದನ್ನು ಹೇಳಿದಳು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಚಿಕ್ಕತ್ತೆ ಎಂದಳು. ಅರಮನೆಯ ಅಡುಗೆಮನೆ ಎಂದು ತೋರಿಸುವ ಜಾಗಕ್ಕೆ ಬಂದಾಗ ಅವಳು ಕಲ್ಲಿನ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಗಾಳಿ ಯಾವ ಕಡೆಯಿಂದ ಬರುತ್ತದೆ, ಹೊಗೆ ಎತ್ತ ಹೋಗಿರಬೇಕು, ಅಷ್ಟು ಜನಕ್ಕೆ ಬೇಯಿಸಬೇಕಾದರೆ ಎಂಥ ಪಾತ್ರೆ ಬೇಕು ಎಂದು ಕೈಯಾಡಿಸಿ ತೋರಿಸುತ್ತಿದ್ದಳು. ತನ್ನ ಮನೆಯ ಮಾತಿನಲ್ಲೇ, ನಿಧಾನವಾಗಿ, ನಗುತ್ತಾ. ಹುಬ್ಬಳ್ಳಿಯವರು ಫೋನು ಚೀಲಕ್ಕೆ ಹಾಕಿಕೊಂಡು ಪಕ್ಕದಲ್ಲಿ ಕೂತುಬಿಟ್ಟಿದ್ದರು. ಮೈಸೂರಿನ ಅಮ್ಮ ತಮ್ಮ ಅಜ್ಜಿಯ ಮನೆಯ ಒಲೆಯ ಸುದ್ದಿ ತೆಗೆದರು. ನಾನು ಬಾಯಿ ಹಾಕಬೇಕೆಂದುಕೊಂಡದ್ದನ್ನೂ ಮರೆತು ಕೇಳುತ್ತಾ ನಿಂತಿದ್ದೆ. ಇವಳಿಗೆ ಇಷ್ಟು ಮಾತು ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ತುದಿಯ ಚಿಕ್ಕ ಗುಡಿಯ ಹತ್ತಿರ ಮೈಸೂರಿನವರು ಬಂಡೆಯ ಮೇಲೆ ಕೂತು, ದೂರದ ಹಿನ್ನೀರನ್ನು ನೋಡಿದರು. ಇಳಿಯುವ ಹೊತ್ತಾಯಿತು ಎಂದಾಗ ಎದ್ದು ತಂಗಿಗೆ ಕೈಮುಗಿದರು. ಚಿಕ್ಕತ್ತೆ ತಮ್ಮ ಮನೆ ಯಾವ ದಿಕ್ಕಿಗೆ ಎಂದು ಕೇಳಿ ತಿಳಿದುಕೊಂಡು, ಸೌದೆ ಒಲೆ ಆರಿಸಿ ಬಂದಿದ್ದೇನೋ ಇಲ್ಲವೋ ಎಂದು ಚಿಂತೆ ಮಾಡಿದರು.

ಕೆಳಗೆ ಬರುವಷ್ಟರಲ್ಲಿ ಎಲ್ಲರ ಹೊಟ್ಟೆಯೂ ತಾಳ ಹಾಕುತ್ತಿತ್ತು. ಪಾತ್ರೆ ಇಟ್ಟಿದ್ದ ಮನೆಯ ಕಣದಲ್ಲಿ, ಹುಲ್ಲಿನ ಬಣವೆಯ ಪಕ್ಕ ಎಲೆ ಹಾಕಿದೆವು. ಚಿಕ್ಕತ್ತೆ ಬಡಿಸಿದರು. ಬೇಡ ಎಂದವರಿಗೆ ಎರಡು ಕಡುಬು ಹೆಚ್ಚು ಬಿತ್ತು. ಮೈಸೂರಿನ ದಂಪತಿ ಬಸಳೆ ಸಾರಿನಲ್ಲಿ ಕಡುಬು ನುರಿದುಕೊಂಡು ಉಂಡ ರೀತಿ ನೋಡಿದರೆ ಮಧ್ಯಾಹ್ನ ಉಂಡವರೆಂದು ಯಾರೂ ಹೇಳುವಂತಿರಲಿಲ್ಲ.

ಚಿಕ್ಕತ್ತೆಯನ್ನು ಮನೆಗೆ ಬಿಟ್ಟು ಸಾಗರದ ದಾರಿ ಹಿಡಿದಾಗ ಕತ್ತಲಾಗಿತ್ತು. ಎಲ್ಲರೂ ನಿದ್ದೆಗೆ ಜಾರಿದರು. ತಂಗಿ ಬಂದು ನನ್ನ ಪಕ್ಕ ಕೂತಳು. ಹೇಗಾಯಿತು ಅಕ್ಕಾ ಎಂದು ಕೇಳುತ್ತಾಳೆ ಎಂದು ಕಾದೆ. ಮೆಚ್ಚುವ ಮಾತೂ ಇತ್ತು, ತಿದ್ದುವ ಮಾತಂತೂ ಇಕ್ಕೇರಿಯಿಂದಲೇ ಸಾಲುಗಟ್ಟಿ ನಿಂತಿತ್ತು.

"ಅಕ್ಕಾ, ಬೇಜಾರ್ ಮಾಡ್ಕಬೇಡ," ಅಂದಳು. "ಮುಂದಿನ ವಾರ ನೀನು ಬರೋದು ಬೇಡ."

"ಯಾಕೆ? ನಾನೆಂಥ ಮಾಡ್ದೆ?"

"ಎಂಥದೂ ಮಾಡ್ಲಿಲ್ಲ. ಧೈರ್ಯಕ್ಕೆ ಅಂತ ಕರ್ದಿದ್ದೆ. ಇನ್ನು ಬೇಡ."

ಇಷ್ಟು ಹೇಳಿ ನನ್ನ ಮೊಣಕೈ ಒತ್ತಿ, ಮುಂದಿನ ವಾರದ ದಾರಿಯ ಮಾತಾಡಲು ಎದ್ದು ಡ್ರೈವರ್ ಹತ್ತಿರ ಹೋದಳು. ನನಗೆ ಒಂದು ಗಳಿಗೆ ಪಿಚ್ಚೆನಿಸಿತು, ಸುಳ್ಳು ಯಾಕೆ ಹೇಳಲಿ. ಜೀವಮಾನವಿಡೀ ನನ್ನ ಹಿಂದೆ ನಿಂತವಳು, ನನ್ನನ್ನು ಬಿಟ್ಟು ಹೋಗುತ್ತಿದ್ದಾಳಲ್ಲ! ಮುಂದಿನ ಸೀಟಿನಿಂದ ಅವಳ ದನಿ ಕೇಳಿಸುತ್ತಿತ್ತು, ತೀರ್ಥಹಳ್ಳಿಗೆ ಬೆಳಗ್ಗೆಯೇ ಹೋಗಬೇಕು, ಊಟ ಚಿಕ್ಕತ್ತೆಯ ಮನೆಯಲ್ಲೇ ಎಂದು ಗಟ್ಟಿಯಾಗಿ ಹೇಳುತ್ತಿದ್ದಳು. ಸಾಗರ ಬರುವವರೆಗೂ ನಾನು ಅದನ್ನೇ ಕೇಳುತ್ತಾ ಕೂತೆ, ನನಗೆ ಬಹಳ ಸಂತೋಷವಾಗಿತ್ತು.