ನಿಯಮದ ಪ್ರಕಾರ ಸತ್ತ ಕರು

ಗೆಳೆಯರೇ, ಪ್ರಶ್ನೋತ್ತರದ ಜಾಲತಾಣಗಳಲ್ಲಿ ‘ದೂರು ನೀಡಿ’ ಎಂಬ ಗುಂಡಿ ಯಾರಿಗಾಗಿ ಇದೆ?

ಕಬ್ಬೂರಿನಲ್ಲಿ ನಮ್ಮ ಪಕ್ಕದ ಮನೆಯ, ನನಗೆ ಚಿಕ್ಕಮ್ಮನಂತಿರುವ ಸುಂದ್ರಾ ಮಾವಶಿಯ ಎಮ್ಮೆಕರು ಇಂದು ಬೆಳಿಗ್ಗೆ ಸತ್ತಿತು. ಹೇನು ಹೋಗಲೆಂದು ನಿನ್ನೆ ಅದರ ಮೈಗೆ ತಂಬಾಕು ಕುದಿಸಿದ ನೀರು ಸುರಿದಿದ್ದರು. ಹಾಗೆ ಮಾಡಲು ಹೇಳಿದ್ದು ಅಂಥದೊಂದು ಜಾಲತಾಣದ ಉತ್ತರ. ನಿಪ್ಪಾಣಿ ತಂಬಾಕು ಮನೆಯಲ್ಲೇ ಇತ್ತು, ಗಟ್ಟಿಯಾಗಿಯೇ ಕುದಿಸಿದರು. ದನದ ಡಾಕ್ಟರು ನೋಡಿ, "ಚರ್ಮದಿಂದ ವಿಷ ಒಳಗ ಇಳದೈತ್ರಿ" ಅಂದರು.

ಕೂಡಲೇ ಆ ಉತ್ತರದ ಮೇಲೆ ದೂರು ಕೊಟ್ಟೆ. "ನಿಯಮ ಉಲ್ಲಂಘನೆ ಕಂಡುಬಂದಿಲ್ಲ" ಎಂದು ಬಂತು. ಸರಿ, ಅದರ ಕೆಳಗೇ "ಹೀಗೆ ಮಾಡಿದರೆ ನಿಮ್ಮ ಕರು ಸಾಯುತ್ತದೆ" ಎಂದು ಬರೆದೆ. ಅದನ್ನು ಬೆದರಿಕೆ ಎಂದು ಅಳಿಸಿದರು! ಮೇಲ್ಮನವಿ ಹಾಕಿದೆ. ಫೋನ್ ಕೆಳಗಿಡುವ ಮೊದಲೇ ತಿರಸ್ಕಾರವಾಯಿತು. ಅಷ್ಟು ಬೇಗ ಓದುವ ಮನುಷ್ಯರನ್ನು ನಾನು ಕಂಡಿಲ್ಲ.

ಮಾವಶಿ ಕಣ್ಣೊರೆಸಿಕೊಂಡು ಅಂದರು: "ಬರದ್ರ ನಂಬೂದಿಲ್ಲಂದ್ರ ಕರುಂದು ಫೋಟೋನ ಹಾಕಿಬಿಡೋ ತಮ್ಮಾ. ಕಣ್ಣಾರೆ ನೋಡ್ಲಿ."

ಹಾಕಿದೆ. "ಮನಸ್ಸಿಗೆ ನೋವುಂಟುಮಾಡುವ ಚಿತ್ರ" ಎಂದು ಅದನ್ನೂ ತೆಗೆದು, ನನ್ನ ಖಾತೆಯನ್ನೇ ಮುಚ್ಚಿದರು.

ಈಗ ನಾನು ಓದಬಹುದು, ಬರೆಯುವಂತಿಲ್ಲ. ಆ ಉತ್ತರ ಹಾಗೇ ಇದೆ. ಸಂಜೆ ಅದರ ಕೆಳಗೆ ಯಾರೋ ಬರೆದಿದ್ದಾರೆ: "ಭಾಳ ಉಪಕಾರ ಆತ್ರಿ. ನಾಳೆ ಮುಂಜಾನೆ ನಮ್ಮ ಕರೂಗೂ ಹಾಕ್ತೀನಿ." ಹೆಸರಿಲ್ಲ, ಪಾಲಬಾವಿ ಎಂದು ಊರಷ್ಟೇ ಇದೆ.

ಪಾಲಬಾವಿಯಲ್ಲಿ ಪರಿಚಯದವರಿದ್ದರೆ ಈಗಲೇ ಒಂದು ಫೋನ್ ಮಾಡಿ. ಬಾಯಿಂದ ಹೇಳಿದ್ದನ್ನು ಅಳಿಸುವುದು ಜಾಲತಾಣದವರಿಗೆ ಇನ್ನೂ ಬಂದಿಲ್ಲ.